ಓಗೊಟ್ಟವಳು

ಕಾಡಿನಲ್ಲಿ ಯಾರಾದರೂ ‘ಕೂ’ ಎಂದು ಕೂಗಿದರೆ ಕೇಳಿಸಿಕೊಂಡವರು ‘ಓ’ ಎನ್ನಲೇಬೇಕು. ಇಸ್ಮಾಯಿಲನ ಊರಿನ ಸಿದ್ದಿಗಳಲ್ಲಿ ಇದಕ್ಕೆ ಚರ್ಚು, ಮಸೀದಿ, ಗುಡಿ ಎಂಬ ಭೇದವಿಲ್ಲ. ಜಗಳವಾಡಿ ಮಾತು ಬಿಟ್ಟವರು ಕೂಡ ಮೊದಲು ‘ಓ’ ಎಂದು, ಆಮೇಲೆ ಬೇಕಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಓಗೊಡದಿದ್ದರೆ ಏನೋ ಅನಾಹುತವಾಗಿದೆ ಎಂದೇ ಅರ್ಥ. ಊರಿಗೆ ಊರೇ ಹುಡುಕಲು ಹೊರಡುತ್ತದೆ.

ಮಾರ್ಥಾಳನ್ನು ಹಾಗೆಯೇ ಒಮ್ಮೆ ಹುಡುಕಿ ತಂದವನು ಇಸ್ಮಾಯಿಲ್. ಸಣ್ಣವಳಿದ್ದಾಗ ಸೀಗೆಕಾಯಿ ಆರಿಸಲು ಹೋಗಿ ದಾರಿ ತಪ್ಪಿದ್ದ ಅವಳು ಇವನ ‘ಕೂ’ಗೆ ಅಳುತ್ತಲೇ ‘ಓ’ ಎಂದಿದ್ದಳು. ಈಗ ಒಂದು ಮಗುವಿನ ತಾಯಿ, ಆದರೂ ಇವನು ಅವಳ ಪಾಲಿಗೆ ಕಾಕಾನೇ.

ಕಳೆದ ಚಳಿಗಾಲದಲ್ಲಿ ಟೀವಿಯವರು ಬಂದು, ಕೋಗಿಲಬನದ ಹತ್ತಿರ ಕಾಳಿ ನದಿಯ ದಂಡೆಗೆ ದೊಡ್ಡ ಹೆಂಚಿನ ಮನೆಯ ಸೆಟ್ ಹಾಕಿದರು. ಗೋವೆಯಲ್ಲಿ ಪೋರ್ತುಗೀಸರು ಕಾಲೂರಿದ ಕಾಲದ ಬದುಕನ್ನು ಮತ್ತೆ ಬದುಕಿ ತೋರಿಸುವ ಕಾರ್ಯಕ್ರಮವಂತೆ. ಧಣಿಗಳಾಗಲು ಮುಂಬೈಯಿಂದ ಜನ ಬಂದರು. ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ ಗುಲಾಮರಾಗಲು ಸಿದ್ದಿಗಳೇ ಬೇಕಾಗಿತ್ತು. ಬರೆದ ಮಾತುಗಳಿರಲಿಲ್ಲ. ಧಣಿಯ ಮನೆಯಿಂದ ಓಡಿದವರು ಹೊತ್ತು ಮುಳುಗುವವರೆಗೆ ಕಾಡಿನಲ್ಲಿ ಸಿಗದಿದ್ದರೆ ಬಿಡುಗಡೆ, ಸಿಕ್ಕರೆ ಸರಪಳಿ. ಓಡುವವಳು ಮಾರ್ಥಾ, ಹಿಡಿಯುವ ಕಾವಲುಗಾರ ಇಸ್ಮಾಯಿಲ್.

“ನಮ್ಮವರನ್ನ ನಾವ ಹಿಡಿಯೂದೇನ್ರಿ?” ಎಂದು ಕೇಳಿದ್ದ.

“ಆಗೂ ಹಂಗ ಆಗಿರಬಹುದಲ್ರಿ ಕಾಕಾ. ಆಟ ಐತಿ, ಆಡ್ರಿ,” ಎಂದಿದ್ದಳು ಚಿತ್ರೀಕರಣ ನೋಡಿಕೊಳ್ಳುತ್ತಿದ್ದ ಧಾರವಾಡದ ಹುಡುಗಿ ಸ್ವಪ್ನಾ.

ಆಟವೆಂದ ಮೇಲೆ ಸೋಲುವುದು ಇಸ್ಮಾಯಿಲನಿಗೆ ಗೊತ್ತಿರಲಿಲ್ಲ. ಆದರೆ ಆ ದಿನ ಮಧ್ಯಾಹ್ನವೆಲ್ಲ ಹುಡುಕಿದರೂ ಮಾರ್ಥಾ ಸಿಗಲಿಲ್ಲ. ಕುದುರೆಯ ಮೇಲೆ ಕೂತಿದ್ದ ಮುಂಬೈ ಧಣಿ ಕ್ಯಾಮೆರಾದ ಎದುರಿಗೇ ನಕ್ಕುಬಿಟ್ಟ. ಇಸ್ಮಾಯಿಲನಿಗೆ ಮೈ ಉರಿಯಿತು. ಬಿದಿರು ಮೆಳೆಗಳ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, “ಕೂ...” ಎಂದ.

“ಓ...” ಎಂದಿತು ಮೆಳೆ.

ಅವಳು ಯೋಚಿಸಿ ಅಂದದ್ದಲ್ಲ. ಆ ಊರಿನ ಬಾಯಿ ಹಾಗೆಯೇ ಬೆಳೆದಿದೆ. ಉಳಿದ ಕಾವಲುಗಾರರು ನುಗ್ಗಿ ಅವಳನ್ನು ಎಳೆದು ತಂದರು. ಸರಪಳಿ ಹಗುರವಾದದ್ದೇ, ನಾಟಕದ್ದು. ಅದನ್ನು ಹಾಕುವಾಗ ಮಾರ್ಥಾ ಇಸ್ಮಾಯಿಲನನ್ನೇ ನೋಡುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಗೆದ್ದವನಿಗೆ ಗೆದ್ದೆ ಅನಿಸಲಿಲ್ಲ.

ಸ್ವಪ್ನಾ ಓಡಿ ಬಂದಳು. “ಭಾಳ ಚಂದ ಬಂತ್ರಿ! ಆದ್ರ ಅಕ್ಕನ ದನಿ ಸರಿ ಹಿಡಿದಿಲ್ಲ. ಅದೊಂದು ಇನ್ನೊಮ್ಮೆ ಮಾಡೂಣು.”

ಮಾರ್ಥಾ ಸರಪಳಿ ಬಿಚ್ಚಿಸಿಕೊಂಡು ಮೆಳೆಯೊಳಗೆ ಹೋದಳು. ಇಸ್ಮಾಯಿಲ್ ಕೂಗಿದ. ಅವಳು ಓಗೊಡಲಿಲ್ಲ. ಮತ್ತೊಮ್ಮೆ ಕೂಗಿದ. ಮೆಳೆಯೊಳಗೆ ನುಗ್ಗಿ ನೋಡಿದರೆ ಅವಳಿಲ್ಲ. ಹೊತ್ತು ಇಳಿಯುತ್ತಿತ್ತು. ಕಾವಲುಗಾರನ ರುಮಾಲು ಕಿತ್ತೆಸೆದು, ಕ್ಯಾಮೆರಾ ಮರೆತು, ಅಂದು ಕಳೆದುಹೋದ ಕೂಸನ್ನು ಕೂಗಿದ ಹಾಗೆಯೇ ಗಂಟಲು ಹರಿಯುವಂತೆ ಕೂಗಿದ. ಕಾಡು ಬಾಯಿ ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಏದುಸಿರು ಬಿಡುತ್ತ ಅವಳ ಮನೆಗೆ ಬಂದ. ಮಾರ್ಥಾ ಕಟ್ಟೆಯ ಮೇಲೆ ಕೂತು ಅಕ್ಕಿ ಕೇರುತ್ತಿದ್ದಳು. ಪಕ್ಕದಲ್ಲಿ ಮಗಳು ಜ್ಯೂಲಿ.

“ನನ್ನ ಕೂಗು ಕೇಳಿಸಲಿಲ್ಲೇನ?”

“ಕೇಳಿಸ್ತು ಕಾಕಾ. ಎಲ್ಲಾ ಕೇಳಿಸ್ತು.”

“ಮತ್ತ ಯಾಕ ಓ ಅನಲಿಲ್ಲ? ನನ್ನ ಜೀವ ಬಾಯಿಗೆ ಬಂದಿತ್ತು.”

ಅವಳು ಮೊರ ಕೆಳಗಿಟ್ಟಳು. “ಯಾವ ಕೂಗು ಹುಡುಕಾಕ, ಯಾವ ಕೂಗು ಹಿಡಿಯಾಕ, ನನಗ ತಿಳೀಲಿಲ್ಲ ಕಾಕಾ.”

ಸಿಟ್ಟಿನಿಂದ ಅಂದಿದ್ದರೆ ಇಸ್ಮಾಯಿಲ್ ತಡೆದುಕೊಳ್ಳುತ್ತಿದ್ದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅವನು ಅಂಗಳದಲ್ಲೇ ಕೂತ.

ಅಷ್ಟರಲ್ಲಿ ಹಿತ್ತಲಾಚೆಯ ಕಾಡಿನಿಂದ ಯಾರೋ ‘ಕೂ’ ಎಂದರು. ಕಟ್ಟಿಗೆಗೆ ಹೋಗಿ ತಡವಾದವರು ಇರಬೇಕು. ಜ್ಯೂಲಿ ಉತ್ಸಾಹದಿಂದ ಕುತ್ತಿಗೆ ಎತ್ತಿ ಬಾಯಿ ತೆರೆದಳು. ಮಾರ್ಥಾ ತಟ್ಟನೆ ಅವಳ ಬಾಯಿಯ ಮೇಲೆ ಕೈ ಇಟ್ಟಳು.

“ತಡಿ. ಮೊದಲ ಯಾರಂತ ನೋಡೂಣು.”

ಕಾಡಿನಿಂದ ಮತ್ತೊಮ್ಮೆ ‘ಕೂ’ ಕೇಳಿಸಿತು. ಮನೆಯ ಮುಂದಿದ್ದ ಮೂವರೂ ಸುಮ್ಮನಿದ್ದರು.