ಚಿಗವ್ವಂದಿರ ವಸತಿಗೃಹ

"ಇನ್ನೊಮ್ಮೆ ಬೊಗಳಲೇ ಹಲ್ಕಟ್! ನಿಮ್ಮವ್ವ ಹೆಂಗ ಸತ್ತಳು?"

"ಹೊಲದಾಗ ಹಾವ ಕಡದ ಸತ್ತಳ್ರಿ," ಎಂದ ಸಾಯಬಣ್ಣ.

"ಹಾಂ. ಮ್ಯಾಲ ಹೋಗಿ ಹಂಗ ಹೇಳು. ಬಾಯಿ ತಪ್ಪಿದ್ರ ನಾಳಿಂದ ಅಡಗಿಮನಿ ಕಡಿ ಮಾರಿ ಹಾಕಬ್ಯಾಡ."

ಹೀಗೆ ಗದರಿಸಿ ದೌಲತರಾಯ ಸಾಹುಕಾರರು ಶಾಲು ಸರಿಮಾಡಿಕೊಂಡು ವೇದಿಕೆ ಏರಿದರು. ಆಳಂದದ ಈ ದುಡಿಯುವ ಬಾಲಕರ ವಸತಿಗೃಹ ಕಟ್ಟಿಸಿದವರು ಅವರೇ. ಇಂದು ಅದರ ಬೆಳ್ಳಿಹಬ್ಬ. ಇಲ್ಲೇ ಬೆಳೆದು ಇಲ್ಲೇ ಅಡುಗೆಯವನಾದ ಸಾಯಬಣ್ಣ ಮೈಕಿನಲ್ಲಿ ಅದರ ಚರಿತ್ರೆ ಹೇಳಬೇಕಿತ್ತು.

ಎಂಥ ಚರಿತ್ರೆ! ಹುಡುಗರು ಹಗಲೆಲ್ಲ ಸಾಹುಕಾರರ ಬ್ಯಾಳಿ ಮಿಲ್ಲಿನಲ್ಲಿ ತೊಗರಿ ಹೊತ್ತು, ಹೊಟ್ಟಿನ ದೂಳು ಕುಡಿದು, ಸಂಜೆಗೆ ಬಂದು ಇಲ್ಲಿ ಬೀಳುತ್ತಿದ್ದರು. ಕೂಲಿ ಕೇಳಿದರೆ "ಉಣ್ಣಾಕ ಹಾಕಾಕತ್ತೇನಲ್ಲಲೇ" ಎಂಬ ಉತ್ತರ. ಸರ್ಕಾರದ ಅನುದಾನ ಅನಾಥರಿಗಷ್ಟೇ. ಹಾಗಾಗಿ ಸಾಹುಕಾರರು ಈ ಬಡ ಮಕ್ಕಳ ತಾಯಂದಿರನ್ನೆಲ್ಲ ಬದುಕಿದ್ದಂತೆಯೇ ಕಾಗದದಲ್ಲಿ ಸಾಯಿಸಿಬಿಟ್ಟರು. ಹಿರೋಳ್ಳಿಯಿಂದ ಬಸ್ಸು ಹತ್ತಿ ನೋಡಲು ಬಂದ ಹೆತ್ತವ್ವ ಗೇಟಿನಲ್ಲಿ "ನಾ ಹುಡುಗನ ಚಿಗವ್ವರಿ" ಎನ್ನಬೇಕು. ಮಗನೂ ಅವಳನ್ನು ಚಿಕ್ಕಮ್ಮನೆಂಬಂತೆ ಚಿಗವ್ವ ಎಂದೇ ಕರೆಯಬೇಕು. ಅವ್ವ ಎಂದು ಬಾಯಿ ಜಾರಿದವನಿಗೆ ಬೆಲ್ಟಿನ ಏಟು. ಆ ಮಾತು ಸಾಯಬಣ್ಣನ ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ತನಗೆ ಮಕ್ಕಳಾದ ಮೇಲೂ ಮನೆಯಲ್ಲಿ ಹೆತ್ತವ್ವನನ್ನು "ಚಿಗವ್ವಾ, ಉಣ್ಣು ಬಾ" ಎಂದೇ ಕರೆಯುತ್ತಿದ್ದ. ತಾಯಿ ಚಂದಮ್ಮ ಒಂದು ದಿನವೂ ತಿದ್ದಲಿಲ್ಲ.

ಮೈಕಿನ ಮುಂದೆ ನಿಂತಾಗ ಅವಳು ಕಂಡಳು. ಚಪ್ಪರದ ಹೊರಗೆ, ಚಪ್ಪಲಿಗಳ ರಾಶಿಯ ಪಕ್ಕ, ಎಂಜಲೆಲೆ ಎತ್ತಲು ಕರೆಸಿದ ಹೆಂಗಸರ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ತಾನು ಸತ್ತ ಕಥೆ ಕೇಳಲು ಸೆರಗು ಸರಿಸಿ ಕಿವಿಗೊಟ್ಟಿದ್ದಳು. ಸಾಯಬಣ್ಣ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡ.

"ನಮ್ಮವ್ವ ಸತ್ತಿಲ್ರಿ," ಎಂದ. "ಅಲ್ಲಿ ಕುಂತಾಳ ನೋಡ್ರಿ. ನನ್ನ ಸಂಗಾಟ ಇದ್ದ ಯಾವ ಹುಡುಗನ ಅವ್ವನೂ ಸತ್ತಿದ್ದಿಲ್ಲ. ಈ ಸಾವಕಾರ ಕೊಂದಾನ!"

ಸಾಹುಕಾರರು ದಿಗ್ಗನೆದ್ದರು. "ಕುಡದ ಬಂದಾನ! ಇಳಸ್ರಿ ಈ ಬೋಳಿಮಗನ್ನ!" ಎಂದವರೇ ಚಂದಮ್ಮನ ಕಡೆ ಬೆರಳು ಮಾಡಿದರು. "ಏ ಮುದುಕಿ, ನೀ ಇವಗ ಏನಾಗಬೇಕಬೇ?"

ಚಂದಮ್ಮ ಕೂತಲ್ಲೇ ಕೈಮುಗಿದಳು. "ಚಿಗವ್ವರೀ ಸಾವಕಾರ್ರ... ನಾ ಅವನ ಚಿಗವ್ವ ಅದೀನ್ರಿ."

ಮುಂದಿನ ಕುರ್ಚಿಗಳ ಮಂದಿ ಘೊಳ್ಳೆಂದು ನಕ್ಕರು.

ಸಾಯಬಣ್ಣ ಸ್ಟ್ಯಾಂಡಿನಿಂದ ಮೈಕು ಕಿತ್ತುಕೊಂಡು, ಅದರ ವೈರು ಎಳೆಯುತ್ತ ವೇದಿಕೆ ಇಳಿದ. ಅಡ್ಡ ಬಂದವನನ್ನು ಭುಜದಿಂದ ನೂಕಿ, ತಾಯಿಯ ಮುಂದೆ ನೆಲದ ಮೇಲೆ ಕೂತ. ಮೈಕನ್ನು ಅವಳ ಬಾಯಿಗೆ ಹಿಡಿದ.

"ಯವ್ವಾ," ಎಂದ. "ಹೇಳು. ನನ್ನ ಹಡದಾಕಿ ಯಾರ?"

ಅವಳು ಮಗನ ಮುಖ ನೋಡಿದಳು, ಸಾಹುಕಾರರ ಕಡೆಗೇ ತಿರುಗಿದಳು. ಬಸ್‌ಸ್ಟ್ಯಾಂಡಿನ ತನಕ ಕಟ್ಟಿದ್ದ ಮೈಕಿನ ಹಾರ್ನುಗಳಲ್ಲೆಲ್ಲ ಅವಳ ದನಿ ಒಡೆದು ಬಿತ್ತು:

"ನಾ ಹಡದೀನಲೇ ಹಾಟ್ಯಾ! ನಾನ ಹಡದೀನಿ!"