ನಮ್ಮ ಬೀದಿಯವಳು

ಚರ್ಚಿನ ಬಾಗಿಲಲ್ಲಿ ಶವಪೆಟ್ಟಿಗೆ ಒಂದು ಬದಿಗೆ ವಾಲಿತು. ಹೊತ್ತವರು ಮೂವರೇ, ಮೂವರೂ ಸತ್ತವಳ ಗೆಳತಿ ಹಿಲ್ಡಾಳ ಮಕ್ಕಳು. ನಾಲ್ಕನೆಯ ಮೂಲೆಗೆ ಕೈಕೊಡಲು ಕ್ಲಿಫರ್ಡ್ ಬ್ಲೋರ್ ಟೋಪಿ ತೆಗೆದು ಮುಂದೆ ಬಂದ.

“ನೀವ್ಯಾರು ಯಜಮಾನ್ರೇ?” ಎಂದಳು ಹಿಲ್ಡಾ.

“ಮೇವಿಸ್ ತಮ್ಮ. ಅವಳಿ-ಜವಳಿ ನಾವು.”

“ಸತ್ತ ಮನೇಲಿ ತಮಾಷೆ ಮಾಡ್ಬೇಡಿ. ನಲವತ್ತು ವರ್ಷ ಅವಳ ಪಕ್ಕ ಕೂತು ಪಿಂಗಾಣಿ ತಟ್ಟೆಗೆ ಹೂವು ಬರ್ದಿದೀನಿ. ಅವಳಿಗೆ ತಮ್ಮ ಗಿಮ್ಮ ಯಾರೂ ಇರ್ಲಿಲ್ಲ.”

ಕ್ಲಿಫರ್ಡ್ ಹೆಗಲು ಕೊಟ್ಟ. ಪೆಟ್ಟಿಗೆ ಅವನು ಎಣಿಸಿದ್ದಕ್ಕಿಂತ ಹಗುರವಾಗಿತ್ತು.

ಪೆಟ್ಟಿಗೆ ಇಳಿಸಿ ಹಿಂದಿನ ಸಾಲಿಗೆ ಬಂದರೆ ಅಲ್ಲಿ ಡೆನಿಸ್ ಕೂತಿದ್ದ. ಇಬ್ಬರೂ ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡ ಲಾಡ್ಜಿಗೆ, ಅಂದರೆ ಫ್ರೀಮೇಸನ್ ಎಂಬ ಗಂಡಸರ ಸಂಘದ ಶಾಖೆಗೆ, ಈಗ ಅವನೇ ಕಾರ್ಯದರ್ಶಿ.

“ಪೇಪರಲ್ಲಿ ಹೆಸರು ನೋಡ್ದೆ. ಪಾಪ, ಹದಿನೆಂಟು ವರ್ಷ ನಮ್ಮ ಲಾಡ್ಜಿನ ಊಟಕ್ಕೆ ಸೂಪು ಬಡಿಸಿದ ಹೆಂಗಸು. ಅಲ್ಲಯ್ಯಾ, ನೀನ್ಯಾಕೆ ಹೆಗಲು ಕೊಟ್ಟೆ?”

“ನಮ್ಮಕ್ಕ ಕಣೋ.”

ಡೆನಿಸ್ ಅವನ ಮುಖವನ್ನೇ ನೋಡಿದ. ಆಮೇಲೆ ಕೈಯಲ್ಲಿದ್ದ ಪ್ರಾರ್ಥನೆಯ ಪುಸ್ತಕ ನೋಡಿದ.

* * *

ಪಿಂಗಾಣಿ ಕಾರ್ಖಾನೆಯ ಧೂಳು ಎದೆಗೆ ಕೂತು ಅಪ್ಪ ಸತ್ತ ವರ್ಷ ಇಬ್ಬರಿಗೂ ಹನ್ನೊಂದು. ಇಬ್ಬರೂ ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆಗೆ ಕೂತಿದ್ದರು. ಮೇವಿಸ್ ಊರಿಗೇ ಎರಡನೆಯವಳು. ಕ್ಲಿಫರ್ಡ್‌ನ ಹೆಸರು ಪಟ್ಟಿಯ ತಳದಲ್ಲೆಲ್ಲೋ ಇತ್ತು. ಲಾಡ್ಜಿನಿಂದ ಇಬ್ಬರು ಗಂಡಸರು ಬಂದು, ಅಪ್ಪನಿಲ್ಲದ ಹುಡುಗನ ಫೀಸು, ಪುಸ್ತಕ, ಕೋಟು ಎಲ್ಲ ತಮ್ಮದು ಎಂದರು.

“ಹುಡುಗೀನೇ ಜಾಣೆ, ಸ್ವಾಮೀ,” ಎಂದಳು ತಾಯಿ.

“ನಮ್ಮದು ಗಂಡುಹುಡುಗರ ಶಾಲೆ ಕಣಮ್ಮ. ಲಾಡ್ಜು ಇರೋದು ಆ ಶಾಲೆಗೆ.”

ಹುಡುಗಿಯರ ಶಾಲೆಯಲ್ಲಿ ಜಾಗ ಸಿಕ್ಕಿದ್ದರೂ ಶಾಲೆಯ ಕೋಟು ಕೊಳ್ಳಲು ಗತಿಯಿರಲಿಲ್ಲ. ಮನೆಗೆ ದುಡಿಯುವ ಕೈಯೊಂದು ಬೇಕಿತ್ತು. ಹದಿನಾಲ್ಕು ತುಂಬುತ್ತಲೇ ಮೇವಿಸ್ ಕುಂಚ ಹಿಡಿದು ಕಾರ್ಖಾನೆಯ ಬೆಂಚಿನಲ್ಲಿ ಕೂತಳು. ಅಲ್ಲಿಯವರೆಗೂ ರಾತ್ರಿ ತಮ್ಮನ ಲ್ಯಾಟಿನ್ ಪಾಠ ಅವಳೇ ಒಪ್ಪಿಸಿಕೊಳ್ಳುತ್ತಿದ್ದಳು.

* * *

ಕ್ಲಿಫರ್ಡ್ ವಕೀಲನಾದ. ನಲವತ್ತೊಂದಕ್ಕೆ ಲಾಡ್ಜಿನ ಅಧ್ಯಕ್ಷನಾದ. ಶಾಲೆಯ ಸಭಾಂಗಣದಲ್ಲಿ ಅಂದಿನ ಔತಣ. ನಾಲ್ಕು ಕಾಸು ಹೆಚ್ಚು ಸಿಗಲೆಂದು ಬಡಿಸುವ ಕೆಲಸಕ್ಕೆ ಆಗಷ್ಟೇ ಸೇರಿದ್ದ ಮೇವಿಸ್ ಬಿಳಿ ಏಪ್ರನ್ನಿನಲ್ಲಿ ಬಂದು ಅವನ ಮುಂದೆ ಬಟ್ಟಲಿಟ್ಟಳು.

“ಸುಡ್ತದೆ ಕಣೋ ಕ್ಲಿಫ್, ನೋಡ್ಕೊಂಡು ಕುಡಿ.”

ಪಕ್ಕದಲ್ಲಿದ್ದ ಡೆನಿಸ್ ನಕ್ಕ. “ಏನಯ್ಯಾ, ಪರಿಚಯಾನಾ?”

“ನಮ್ಮ ಬೀದೀಲಿದ್ದವಳು,” ಎಂದ ಕ್ಲಿಫರ್ಡ್.

ಅವಳಿಗೆ ಕೇಳಿಸಿತು. ಉಳಿದ ಮೂವತ್ತೊಂದು ಬಟ್ಟಲುಗಳನ್ನೂ ಒಂದು ತೊಟ್ಟೂ ಚೆಲ್ಲದೆ ಇಟ್ಟಳು. ತಂದೆಯಿಲ್ಲದ ಒಬ್ಬ ಹುಡುಗನನ್ನು ಕೈಹಿಡಿದು ಮೇಲೆತ್ತಿದ್ದು ಈ ಲಾಡ್ಜು ಎಂದು ಅವನು ಎದ್ದು ನಿಂತು ಭಾಷಣ ಮಾಡುವಾಗ ಗೋಡೆಗೊರಗಿ ಕೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಕೈಯಲ್ಲಿ ಎಂಜಲು ತಟ್ಟೆಗಳಿದ್ದವು.

ಆಮೇಲೆ ಅವನು ಮೂರು ಸಲ ಅವಳ ಮನೆಗೆ ಹೋದ. ಟೀ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಮಳೆಯ ಮಾತಾಡಿದಳು. ಹೇಳಲು ಹೋದದ್ದನ್ನು ಹೇಳಲಾಗದೆ ಮೂರು ಸಲವೂ ವಾಪಸು ಬಂದ. ನಾಲ್ಕನೆಯ ಸಲ ಹೋಗಲಿಲ್ಲ.

* * *

ಸ್ಮಶಾನದ ದಾರಿಯಲ್ಲಿ ಡೆನಿಸ್ ಪಕ್ಕಕ್ಕೆ ಬಂದ. “ಈಗ ಶಾಲೇಲಿ ಹುಡುಗೀರೂ ಇದಾರೆ. ಒಂದು ಹುಡುಗಿ ಓದಿಗೆ ಮೇವಿಸ್ ಹೆಸರಲ್ಲಿ ಲಾಡ್ಜಿಂದ ಸಹಾಯ ಇಡೋಣ. ಕ್ಲಿಫರ್ಡ್ ಬ್ಲೋರ್ ಅವರ ಅಕ್ಕ ಅಂತ ಹಾಕ್ಲಾ?”

ಮುಂದೆ ಹೋಗುತ್ತಿದ್ದ ಹಿಲ್ಡಾ ತಿರುಗಿ ನಿಂತಳು. “ಏನೂ ಹಾಕ್ಬೇಡಿ. ಬದುಕಿದ್ದಾಗ ಆಗ್ಲಿಲ್ಲ, ಈಗ್ಯಾಕೆ ಅವಳನ್ನ ಎಳೀತೀರಿ?”

ಡೆನಿಸ್ ಕ್ಲಿಫರ್ಡ್‌ನತ್ತ ನೋಡಿದ. ಕ್ಲಿಫರ್ಡ್ ತಲೆ ತಗ್ಗಿಸಿ ಹಿಲ್ಡಾಳ ಹಿಂದೆಯೇ ನಡೆದ.

ಗುಂಡಿಯ ಬಳಿ ಪಾದ್ರಿ ಮಣ್ಣು ತುಂಬಿದ ಪುಟ್ಟ ಡಬ್ಬಿಯನ್ನು ಚಾಚಿ, “ಮನೆಯವರು ಬನ್ನಿ,” ಎಂದರು. ಕಾರ್ಖಾನೆಯಲ್ಲಿ ಮೇವಿಸ್ ಜೊತೆ ಬಣ್ಣ ಬರೆದ ಹೆಂಗಸರು, ಹತ್ತು ಹನ್ನೆರಡು ಜನ, ಒಟ್ಟಿಗೇ ಮುಂದೆ ನಡೆದರು. ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿ ಹಿಂದೆ ಸರಿದರು. ಕ್ಲಿಫರ್ಡ್‌ನ ಸರದಿ ಬಂದಾಗ ಡಬ್ಬಿಯಲ್ಲಿ ಮಣ್ಣು ಉಳಿದಿರಲಿಲ್ಲ. ಅವನು ಮೊಣಕಾಲೂರಿ ಗುಂಡಿಯಂಚಿನ ಒದ್ದೆ ಜೇಡಿಯನ್ನು ಉಗುರಿನಿಂದ ಕೆರೆಯತೊಡಗಿದ. ಅದು ಕಿತ್ತು ಬರಲಿಲ್ಲ.

ಗುಂಡಿ ಮುಚ್ಚಲು ಸನಿಕೆ ಹಿಡಿದವನು ಹತ್ತಿರ ಬಂದ. ಆಮೇಲೆ ಮೆಲ್ಲಗೆ ಅಂದ: “ಸ್ವಲ್ಪ ಆ ಕಡೆ ಸರೀತೀರಾ, ಸರ್?”