ಕಾಲುಸೇತುವೆಯ ಪ್ರಶ್ನೆ

ಕಾಲುಸೇತುವೆ ಕುಸಿದು ಅಂಚೆಯವ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಬಂದವರೆಲ್ಲ ಹಣೆಬರಹ ಎಂದಿದ್ದರು. ಅವನ ಹೆಂಡತಿ, ಹೊಲಿಗೆಯವಳು, ಅದನ್ನೇ ನಂಬಿ ಹೇಗೋ ದಿನ ದೂಡುತ್ತಿದ್ದಳು. ಆ ಸೇತುವೆ ಯಾವ ಇಲಾಖೆಗೆ ಸೇರಿತ್ತು ಅನ್ನುವುದಾದರೂ ತಿಳಿಯಲಿ ಎಂದು ಒಂದು ಮಧ್ಯಾಹ್ನ ಗ್ರಂಥಾಲಯಕ್ಕೆ ಹೋದಳು.

ಗ್ರಂಥಪಾಲಕಿ ಕುರ್ಚಿ ಎಳೆದು ಕೂರಿಸಿ, ಸರ್ಕಾರದ ಜಾಲತಾಣ ತೆರೆದಳು. "ನೋಡಕ್ಕಾ, ಇವೆಲ್ಲ ಇಲಾಖೆಗಳು. ಸಂಸತ್ತಲ್ಲಿ ಯಾರು ಏನು ಕೇಳಿದ್ರು ಅನ್ನೋದೂ ಇಲ್ಲೇ ಸಿಗತ್ತೆ." ಸೇತುವೆಯ ಹೆಸರು ಹಾಕಿ ಹುಡುಕಿದಾಗ ಒಂದೇ ಒಂದು ಪುಟ ಬಂತು. ಅಪಘಾತಕ್ಕೆ ಹನ್ನೊಂದು ತಿಂಗಳು ಮೊದಲಿನದು.

ಕಂಬಗಳಿಗೆ ತುಕ್ಕು ಹಿಡಿದಿರುವುದು ಸಚಿವರ ಗಮನಕ್ಕೆ ಬಂದಿದೆಯೇ ಎಂದು ಸದಸ್ಯರೊಬ್ಬರು ಕೇಳಿದ್ದರು. ಬಂದಿದೆ, ವಿಷಯ ಪರಿಶೀಲನೆಯಲ್ಲಿದೆ ಎಂಬುದು ಉತ್ತರ.

ಅವಳು ಎರಡು ಸಲ ಓದಿದಳು.

"ಯಾರಿಗೂ ಗೊತ್ತಿರ್ಲಿಲ್ಲ ಅಂದ್ಕೊಂಡಿದ್ದೆ ಕಣಮ್ಮಾ," ಎಂದಳು. "ಅದೊಂದೇ ಸಮಾಧಾನ ಇತ್ತು."

"ನಾನಿದನ್ನ ತೆರೀಬಾರದಿತ್ತೇನೋ," ಎಂದಳು ಗ್ರಂಥಪಾಲಕಿ.

"ಇಲ್ಲ. ನಾನೂ ಇವರನ್ನ ಕೇಳ್ಬಹುದಾ?"

ಸಂಸತ್ತಿನ ಅರ್ಜಿ ಸಮಿತಿಗೆ ಯಾರು ಬೇಕಾದರೂ ಬರೆಯಬಹುದಿತ್ತು. ಗ್ರಂಥಪಾಲಕಿ ಆ ಪುಟ ತೆರೆದು, ತಾನೇ ಬರೆದುಕೊಡುವೆನೆಂದಳು. ಹೊಲಿಗೆಯವಳು ಬೇಡವೆಂದು ತಲೆಯಾಡಿಸಿ, ಕಣ್ಣೊರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು: ಗೊತ್ತಿದ್ದ ಮೇಲೆ ಸೇತುವೆಯನ್ನು ಯಾಕೆ ಮುಚ್ಚಲಿಲ್ಲ? ಅಷ್ಟು ಬರೆಯಲು ಅರ್ಧ ಗಂಟೆ ಹಿಡಿಯಿತು. ಕೆಳಗೆ ಗಂಡನ ಹೆಸರು ಬರೆದು ಕಳಿಸಿದಳು.